ಬೇವಿನ ಕೆಳಗಿನ ಟವೆಲ್ಲುಗಳು

ಗಾಡಿ ಓಡಿಸುವುದನ್ನು ಕಲಿಸಲು ಊರಿಗೆ ಹತ್ತು ಮಂದಿ ಸಿಗುತ್ತಾರೆ. ನಿಲ್ಲಿಸುವುದನ್ನು ಕಲಿಸುವವರು ಒಬ್ಬರೂ ಇಲ್ಲ. ಬ್ರೇಕು ಒತ್ತಿ ನಿಲ್ಲಿಸುವ ಮಾತಲ್ಲ ಇದು. ಅದನ್ನು ರಸ್ತೆಯ ನಡುವೆ ಧ್ಯಾನಕ್ಕೆ ನಿಂತ ಎಮ್ಮೆಯೇ ಕಲಿಸಿಬಿಡುತ್ತದೆ. ನಾನು ಹೇಳುವುದು ಒಂದು ಕಡೆ ಹಚ್ಚಿ, ಕೀಲಿ ಕಿಸೆಗೆ ಹಾಕಿಕೊಂಡು, ಹಿಂತಿರುಗಿ ನೋಡದೆ ಹೋಗುವಂಥ ನಿಲ್ಲಿಸುವಿಕೆ. ಅದು ಎಲ್ಲರಿಗೂ ಒಲಿಯುವುದಿಲ್ಲ. ನಾನಂತೂ ನಲವತ್ತು ದಾಟಿದ ಮೇಲೆ ಸ್ಕೂಟರು ಕಲಿತವನು. ಓಡಿಸುವಾಗ ನನಗೆ ಭಯವಿಲ್ಲ, ಹಿಂದೆ ಕೂತವರಿಗೆ ಇರಬಹುದು. ಆದರೆ ಗಾಡಿ ಬಿಟ್ಟು ಹತ್ತು ಹೆಜ್ಜೆ ನಡೆದ ಮೇಲೆ, ಬಿತ್ತೋ, ಬಿಸಿಲಿಗೆ ಸುಟ್ಟಿತೋ, ಯಾರಾದರೂ ಅದರ ಮೇಲೆ ಕೂತು ಮೊಬೈಲು ನೋಡುತ್ತಿದ್ದಾರೋ ಎಂಬ ಚಿಂತೆ ಹತ್ತಿಕೊಳ್ಳುತ್ತದೆ. ನಮ್ಮ ಮನೆಯವಳು, "ಮಕ್ಕಳನ್ನ ಮೊದಲ ದಿನ ಸಾಲಿಗೆ ಬಿಟ್ಟು ಬರೂವಾಗೂ ನೀವು ಇಷ್ಟು ತಿರುಗಿ ನೋಡಿರಲಿಲ್ಲ" ಎನ್ನುತ್ತಾಳೆ. ಅವಳ ಮಾತು ಸುಳ್ಳೇನಲ್ಲ. ಮಕ್ಕಳನ್ನು ಬಿಟ್ಟ ಶಾಲೆಗೆ ಚಾವಣಿಯಾದರೂ ಇತ್ತು.

ನಾನು ಹುಟ್ಟಿದ್ದು ಗಜೇಂದ್ರಗಡದಲ್ಲಿ, ಇರುವುದು ರೋಣದಲ್ಲಿ, ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಕಾಲೇಜು ಇರುವುದು ಊರ ಹೊರಗೆ, ಎರೆಹೊಲಗಳ ನಡುವೆ. ಎರೆಮಣ್ಣು ಜೋಳಕ್ಕೆ ಚಲೋ, ಕಡಲೆಗೆ ಚಲೋ, ಸೈಡ್ ಸ್ಟ್ಯಾಂಡಿಗೆ ಚಲೋ ಅಲ್ಲ. ಮಳೆಯಾದ ದಿನ ಅದರ ಮೇಲೆ ಗಾಡಿ ನಿಲ್ಲಿಸಿ ಹೋದರೆ, ಎರಡನೆಯ ಪಾಠ ಮುಗಿಯುವಷ್ಟರಲ್ಲಿ ಸ್ಟ್ಯಾಂಡು ಮೆಲ್ಲಗೆ ಮಣ್ಣಿಗಿಳಿದು, ಗಾಡಿ ಪಕ್ಕದ ಗಾಡಿಗೆ ಒರಗಿ, ಅದು ಅದರ ಪಕ್ಕದ್ದಕ್ಕೆ ಒರಗಿ, ಸಾಲಿಗೆ ಸಾಲೇ ಮಲಗಿಬಿಟ್ಟಿರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಡುತ್ತದೆ. ನಮ್ಮ ಇಂಗ್ಲಿಷ್ ಮೇಡಮ್ಮರ ಗಾಡಿಯ ಕೀಲಿ ಅಂಥ ಒಂದು ಬಿರುಕಿನೊಳಗೆ ಬಿದ್ದು, ಮುಂದಿನ ಮಳೆಗಾಲಕ್ಕೆ ನೆಲ ಕೂಡಿಕೊಂಡು, ಆ ಕೀಲಿ ಈಗಲೂ ಭೂಗರ್ಭದಲ್ಲಿ ಕ್ಷೇಮವಾಗಿದೆ. ನನ್ನ ವಿಷಯದ ಮುಂದಿನ ವಿದ್ವಾಂಸರು ಯಾರಾದರೂ ಅದನ್ನು ಅಗೆದು ತೆಗೆದು ಪ್ರಬಂಧ ಬರೆದಾರು.

ಹೀಗಾಗಿ ಇಡೀ ಅಂಗಳದಲ್ಲಿ ಗಾಡಿ ನಿಲ್ಲಲು ಯೋಗ್ಯವಾದದ್ದು ಒಂದೇ ಜಾಗ. ಗೇಟಿನ ಎಡಕ್ಕೆ ಒಂದು ಸಾಲು ಬೇವಿನ ಮರಗಳಿವೆ, ಅವುಗಳ ಕೆಳಗೆ ಯಾರೋ ಪುಣ್ಯಾತ್ಮರು ಹಿಂದೆ ಗರಸು ಹಾಕಿಸಿ ನೆಲ ಗಟ್ಟಿ ಮಾಡಿಸಿದ್ದಾರೆ. ಅಲ್ಲಿ ಸ್ಟ್ಯಾಂಡು ಇಳಿಯುವುದಿಲ್ಲ, ಸೀಟು ಕಾಯುವುದಿಲ್ಲ. ಶಿವರಾತ್ರಿ ದಾಟಿದ ಮೇಲೆ ನಮ್ಮ ಕಡೆಯ ಬಿಸಿಲು ಬಲ್ಲವರಿಗೆ ಸೀಟು ಕಾಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಗಾಡಿಯ ಸೀಟು ಕಪ್ಪು. ಬಿಸಿಲಿಗೆ ನಿಂತ ದಿನ ಮಧ್ಯಾಹ್ನ ಅದರ ಮೇಲೆ ಕೂರುವುದೂ ಒಂದೇ, ರೊಟ್ಟಿ ಹಂಚಿನ ಮೇಲೆ ಕೂರುವುದೂ ಒಂದೇ. ಒಂದು ದಿನ ಪೂರ್ತಿ ಕೂರಲಾಗದೆ, ಪೂರ್ತಿ ನಿಲ್ಲಲೂ ಆಗದೆ, ಅರ್ಧಕ್ಕೆ ಎದ್ದ ಭಂಗಿಯಲ್ಲಿ ಪೇಟೆ ದಾಟಿ ಮನೆ ಸೇರಿದೆ. ಹಾದಿಯಲ್ಲಿ ಕಂಡ ಹಿರಿಯರೊಬ್ಬರು ನಾನು ತಮಗೆ ಗೌರವ ಕೊಟ್ಟು ಎದ್ದೆನೆಂದು ತಿಳಿದು ಕೈಮುಗಿದರು.

ಸಂಕ್ರಾಂತಿಯ ನಂತರ ಹೊಸ ಸೆಮಿಸ್ಟರು ಶುರುವಾದಾಗ ಬೆಳಗಿನ ಮೊದಲ ಪಾಠ ನನಗೆ ಬಂತು. ಹತ್ತಕ್ಕೆ ಪಾಠ. ಹೊತ್ತಿನ ವಿಷಯದಲ್ಲಿ ನಾನು ಬಹಳ ಬಿಗಿ. ನಾನು ಒಳಗೆ ಹೋಗಿ ಮೊಬೈಲಿನ ಹಾಜರಿ ಆ್ಯಪಿನಲ್ಲಿ 'ಪಾಠ ಆರಂಭ' ಎಂದು ಒತ್ತಿದರೆ, ಹತ್ತು ನಿಮಿಷದೊಳಗೆ ಹಾಜರಿ ಹಾಕಿ ಕಳಿಸಬೇಕು. ಆಮೇಲೆ ಅದು ತಾನೇ ಮುಚ್ಚಿಕೊಳ್ಳುತ್ತದೆ, ಬ್ರಹ್ಮ ಬಂದರೂ ತೆರೆಯುವುದಿಲ್ಲ. ಮೊದಲ ವಾರ ಹೆಸರು ಕೂಗಿದಾಗಲೆಲ್ಲ ಒಂದು ಹೆಸರಿಗೆ ಉತ್ತರ ಬರುತ್ತಿರಲಿಲ್ಲ. ಶಾಹೀನ. ಅಬ್ಬಿಗೇರಿಯ ಹುಡುಗಿ. ನಾನು ಹಾಜರಿ ಮುಚ್ಚಿ, ಬೋರ್ಡಿನ ಮೇಲೆ ಎರಡು ಸಾಲು ಬರೆಯುವಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿರುತ್ತಿದ್ದಳು. "ಬಸ್ಸು ತುಂಬಿ ಬಂತ್ರಿ ಸರ್, ನಿಂದರಲಿಲ್ಲ. ಹಿಂದಿಂದಕ್ಕ ಬಂದೆ" ಎನ್ನುತ್ತಿದ್ದಳು. ಬಸ್ಸು ಹಿಂದಿನ ಊರುಗಳಲ್ಲೇ ತುಂಬಿಕೊಂಡು ಬಂದರೆ ಅಬ್ಬಿಗೇರಿಯಲ್ಲಿ ಯಾವ ಪುಣ್ಯಾತ್ಮ ಡ್ರೈವರ್ ತಾನೇ ಹತ್ತಿಸಿಕೊಂಡಾನು! ಅದರ ಹಿಂದೆ ಬರುವ ಬಸ್ಸು ರೋಣ ಮುಟ್ಟುವಾಗ ಹತ್ತು ಹೊಡೆದು ಕಾಲು ತಾಸು. ತುಂಬಿ ಬರುವುದಕ್ಕಿಂತ ಮುಂಚಿನ ಬಸ್ಸು ಹಿಡಿಯಬೇಕೆಂದರೆ ಕೋಳಿಗಿಂತ ಮೊದಲು ಏಳಬೇಕು, ಆ ಹೊತ್ತಿಗೆ ಅವರ ಓಣಿಯಲ್ಲಿ ನೀರು ಬಿಡುತ್ತಾರೆ, ತುಂಬುವವಳು ಇವಳೇ. ಟಂಟಂ ಆಟೋ ಇದೆ, ಆದರೆ ಅದು ಹೊರಡುವುದು ಡ್ರೈವರನ ಮಗ್ಗುಲಿಗೂ ಇಬ್ಬರು ಕೂತ ಮೇಲೆಯೇ.

ಇಂಥ ಸಂದರ್ಭದಲ್ಲಿ ಯಾವ ಬುದ್ಧಿವಂತ ಉಪನ್ಯಾಸಕನೂ ಮಾಡುವುದನ್ನೇ ನಾನೂ ಮಾಡಿದೆ: ಭಾಷಣ. ಹೊತ್ತಿನ ಮಹತ್ವದ ಮೇಲೆ ಇಡೀ ಒಂದು ಪಾಠದ ಹೊತ್ತನ್ನು ಖರ್ಚು ಮಾಡಿದೆ. ರಾಜ್ಯಗಳು ಅರ್ಧ ತಾಸು ತಡವಾದದ್ದಕ್ಕೆ ಹೇಗೆ ಬಿದ್ದವೆಂದು ಹೇಳಿದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ವಿಶ್ವವಿದ್ಯಾಲಯದ ಮುಂದೆ ನನ್ನ ಮಾತು ನಡೆಯುವುದಿಲ್ಲ ಎಂದೂ ಹೇಳಿದೆ. ಶಾಹೀನ ತಲೆ ತಗ್ಗಿಸಿ ಕೇಳಿದಳು. ಅವಳ ಪಕ್ಕ ಕೂರುವ ರೋಣದ ಸವಿತಾ ಮಾತ್ರ ನನ್ನನ್ನು ಎವೆಯಿಕ್ಕದೆ ನೋಡುತ್ತಿದ್ದಳು. ಮಾತು ನಾಟಿದೆ ಎಂದುಕೊಂಡೆ. ಖರೇನೇ ನಾಟಿತ್ತು. ಮುಂದಿನ ವಾರದಿಂದ ಶಾಹೀನಳ ಹೆಸರು ಕೂಗಿದರೆ "ಹಾಜರ್ ಸರ್" ಎಂದು ಗಟ್ಟಿ ದನಿ ಬರತೊಡಗಿತು. ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ, "ನೋಡಿದೇನು, ಒಂದ ಭಾಷಣದಾಗ ಹುಡುಗಿ ಸುಧಾರಿಸಿದ್ಳು" ಎಂದು ಎದೆಯುಬ್ಬಿಸಿದೆ. ಮನೆಯವಳು, "ಮನ್ಯಾಗೂ ಇಪ್ಪತ್ತು ವರ್ಷದಿಂದ ಭಾಷಣಾ ಮಾಡಾಕತ್ತೀರಿ, ನಾ ಯಾಕ ಸುಧಾರಿಸವಲ್ಲೆ?" ಎಂದು ಕಪ್ಪುಬಸಿ ತೆಗೆದುಕೊಂಡು ಒಳಗೆ ಹೋದಳು.

ಆ ಸಂತೋಷವನ್ನು ಪೂರ್ತಿ ಅನುಭವಿಸಲು ನನಗಾಗಲಿಲ್ಲ. ಅದೇ ಹೊತ್ತಿಗೆ ನನ್ನ ಸ್ಕೂಟರಿಗೆ ಜಾಗ ಸಿಗದೆ ಹೋಗತೊಡಗಿತು. ಹತ್ತಕ್ಕೆ ಐದು ನಿಮಿಷವಿರುವಾಗ ಗೇಟು ದಾಟಿ ಬೇವಿನ ಸಾಲಿಗೆ ಬಂದರೆ, ಗಾಡಿಗಳು ಅಲ್ಲೊಂದು ಇಲ್ಲೊಂದು. ನಡುವಿನ ಜಾಗದಲ್ಲೆಲ್ಲ ಟವೆಲ್ಲು. ಕೆಂಪು ಚೌಕಡಿಯದು, ಬಿಳಿಯದು, ಅಂಚು ಹರಿದದ್ದು, ಒಂದು ಕಡೆ ಹೂವಿನ ಚಿತ್ರದ ದಿಂಬಿನ ಗಲೀಫು. ಪ್ರತಿಯೊಂದರ ಮೇಲೂ ಗಾಳಿಗೆ ಹಾರದಂತೆ ಒಂದು ಕಲ್ಲು. ಯಾರೋ ಜಾಗ ಹಿಡಿದು ಹೋಗಿದ್ದರು.

ನೀವು ಬೇರೆ ಕಡೆಯವರಾದರೆ, "ತೆಗೆದು ಬದಿಗಿಟ್ಟು ಗಾಡಿ ನಿಲ್ಲಿಸಬಾರದೇ?" ಎಂದು ಕೇಳುತ್ತೀರಿ. ಹಾಗೆ ಕೇಳುವವರಿಗೆ ನಮ್ಮ ಕಡೆಯ ಬಸ್ ಸ್ಟ್ಯಾಂಡುಗಳ ಸಂಸ್ಕೃತಿ ತಿಳಿಯದು. ಇಲ್ಲಿ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಟವೆಲ್ಲು ಎಸೆದರೆ ಸೀಟು ನಿಮ್ಮದು. ಟವೆಲ್ಲು ಇಲ್ಲದವರು ಟೊಪ್ಪಿಗೆ ಎಸೆಯುತ್ತಾರೆ, ಚೀಲ ಎಸೆಯುತ್ತಾರೆ, ಒಮ್ಮೆ ನರಗುಂದದಲ್ಲಿ ಒಬ್ಬ ತಾಯಿ ಕಿಟಕಿಯೊಳಗಿಂದ ಮಗನನ್ನೇ ಇಳಿಸಿದ್ದನ್ನು ನೋಡಿದ್ದೇನೆ. ಬಸ್ಸಿನಲ್ಲಿ ಜಗಳಗಳಾಗುತ್ತವೆ, ಅಂಗಿ ಹರಿಯುತ್ತವೆ, ಆದರೆ ಹಾಸಿದ ಟವೆಲ್ಲಿನ ಮೇಲೆ ಯಾರೂ ಕೂರುವುದಿಲ್ಲ. ನನ್ನ ಸೋದರಮಾವ ಒಮ್ಮೆ ಗಜೇಂದ್ರಗಡದಲ್ಲಿ ಹುಬ್ಬಳ್ಳಿ ಬಸ್ಸಿಗೆ ಟವೆಲ್ಲು ಎಸೆದು ಚಹಾ ಕುಡಿಯಲು ಹೋದ. ಬಸ್ಸು ಹೊರಟುಬಿಟ್ಟಿತು. ಮಾವ ಉಳಿದ, ಟವೆಲ್ಲು ಹೋಯಿತು. ಮರುದಿನ ಅದೇ ಕಂಡಕ್ಟರ್ ಅದನ್ನು ನೀಟಾಗಿ ಮಡಚಿ ತಂದುಕೊಟ್ಟು, "ತಗೋರಿ ಯಜಮಾನ್ರ, ನಿಮ್ಮ ವಸ್ತ್ರ ಹುಬ್ಬಳ್ಳಿ ನೋಡ್ಕೊಂಡು ಬಂತು. ಮಂದಿ ಒಬ್ಬರ ಮ್ಯಾಲೊಬ್ಬರು ನಿಂತಿದ್ರು, ಖರೆ ಅದರ ಮ್ಯಾಲೆ ಯಾರೂ ಕುಂದರಲಿಲ್ರಿ" ಎಂದ. ಮಾವನಿಗೆ ಬಸ್ಸು ತಪ್ಪಿದ ದುಃಖವೆಲ್ಲ ಹೋಗಿ, ಸಾಯುವವರೆಗೂ ಅದೊಂದು ಹೆಮ್ಮೆಯ ಸಂಗತಿಯಾಗಿ ಉಳಿಯಿತು. ಇಂಥ ಮನೆತನದಲ್ಲಿ ಬೆಳೆದ ನಾನು ಕಲ್ಲೆತ್ತಿ ಟವೆಲ್ಲು ತೆಗೆಯುವುದೆಂದರೇನು! ಬಗ್ಗಿದೆ, ಕೈ ಚಾಚಿದೆ, ಅತ್ತಿತ್ತ ನೋಡಿದೆ, ಚಪ್ಪಲಿಯ ಧೂಳು ಒರೆಸಿಕೊಂಡವನಂತೆ ಮಾಡಿ ಎದ್ದೆ.

ಹಾಗಾಗಿ ಸುತ್ತುವುದು. ಬೇವಿನ ಸಾಲಿನ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಸೈನ್ಸ್ ಬಿಲ್ಡಿಂಗಿನ ಹಿಂದಕ್ಕೆ, ಅಲ್ಲಿ ಬರೀ ಎರೆಮಣ್ಣು, ಮತ್ತೆ ಮುಂದಕ್ಕೆ. ವಿಚಿತ್ರವೆಂದರೆ ಇಪ್ಪತ್ತು ನಿಮಿಷ ಸುತ್ತಿದ ಮೇಲೆ ಎಲ್ಲಿಂದಲೋ ಒಂದು ಜಾಗ ತೆರವಾಗಿಬಿಡುತ್ತಿತ್ತು. ಆಗಷ್ಟೇ ನೋಡಿ ಹೋದ ಮರದ ಕೆಳಗೆ ಟವೆಲ್ಲೂ ಇಲ್ಲ, ಕಲ್ಲೂ ಇಲ್ಲ, ತಣ್ಣನೆಯ ನೆರಳು ನನ್ನ ದಾರಿ ಕಾಯುತ್ತ ಬಿದ್ದಿರುತ್ತಿತ್ತು. ದಿನವೂ ಹೀಗೆ. ನಾನು ಬೆವರು ಒರೆಸಿಕೊಂಡು ಕ್ಲಾಸಿಗೆ ಹೋದರೆ ಮಕ್ಕಳೆಲ್ಲ ಶಿಸ್ತಾಗಿ ಕೂತಿರುತ್ತಿದ್ದರು. "ಜಾಗಾ ಸಿಗಲಿಲ್ಲೇನ್ರಿ ಸರ್?" ಎಂದು ಸವಿತಾ ಅಕ್ಕರೆಯಿಂದ ಕೇಳುತ್ತಿದ್ದಳು. ಹೋದ ಹೊತ್ತನ್ನು ನಾನು ನಡುವಿನ ವಿರಾಮದಲ್ಲಿ ಕತ್ತರಿಸಿ ಪಾಠ ಮುಗಿಸುತ್ತಿದ್ದೆ. ಅದಕ್ಕೂ ಯಾರೂ ಗೊಣಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ವಿರಾಮ ಕತ್ತರಿಸಿದರೆ ಗೊಣಗದ ವಿದ್ಯಾರ್ಥಿ ಇತಿಹಾಸದಲ್ಲಿ ಎಲ್ಲಿಯೂ ದಾಖಲಾಗಿಲ್ಲ.

ಈ ಟವೆಲ್ಲುಗಳು ಯಾರವು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ನನಗೆ ಊಟ ಸೇರದಂತಾಯಿತು. ನನ್ನ ಸ್ವಭಾವವೇ ಹಾಗೆ. ಪಕ್ಕದ ಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂದು ಎಣಿಸಿ, ಒಳಗೆ ಬೇಳೆಯೋ ಕಡಲೆಯೋ ಎಂದು ತರ್ಕಿಸುವವನು ನಾನು. ಟವೆಲ್ಲು ಹಾಸಿದವರು ಗಾಡಿ ತಂದು ನಿಲ್ಲಿಸಬೇಕಲ್ಲ? ಮಧ್ಯಾಹ್ನ ನೋಡಿದರೆ ಬೇವಿನ ಸಾಲಿನಲ್ಲಿ ಅರ್ಧ ಜಾಗ ಹಾಗೇ ಖಾಲಿ. ನೆರಳು ಹಿಡಿದಿಟ್ಟು ಬಳಸದೆ ಹೋಗುವ ಜನ ಯಾವ ಸೀಮೆಯವರು? ಲೈಬ್ರರಿಯವರನ್ನು ಕೇಳಿದೆ, ಗೊತ್ತಿಲ್ಲವೆಂದರು. ಕಾವಲುಗಾರನನ್ನು ಕೇಳಿದೆ, "ನಿಮ್ಮವ ಇರಬೇಕು ಅಂತ ತಿಳಿದಿದ್ದೆರಿ" ಎಂದ. ಕೊನೆಗೆ ಪ್ರಿನ್ಸಿಪಾಲರ ಹತ್ತಿರ ಹೋಗಿ, ನನ್ನ ಗಾಡಿಗೆ ಒಂದು ಖಾಯಂ ಜಾಗ ಗೊತ್ತುಮಾಡಿ ಕೊಡಬೇಕೆಂದು ಬೇಡಿಕೊಂಡೆ. ಪ್ರಿನ್ಸಿಪಾಲರು ನರಗುಂದದವರು, ದಿನವೂ ಕಾರಿನಲ್ಲಿ ಬಂದುಹೋಗುವವರು. ಅವರ ಕಾರಿಗೆ ಪೋರ್ಟಿಕೋ ಇದೆ. ನೆರಳಿದ್ದವರು ಬಹಳ ಶಾಂತವಾಗಿರುತ್ತಾರೆ. "ನೋಡೋಣಂತ ತಗೋರಿ" ಎಂದರು. ಇದು ನಮ್ಮ ಕಡೆ ಆಗುವುದಿಲ್ಲ ಎಂಬುದರ ಸಭ್ಯ ರೂಪವಾದ್ದರಿಂದ ನಾನು ಆಸೆ ಬಿಟ್ಟೆ.

ಹೀಗಿರುವಾಗ ಒಂದು ದಿನ ಸ್ಕೂಟರು ಕೆಟ್ಟು ಗ್ಯಾರೇಜು ಸೇರಿತು. ನಾನು ನಡೆದುಕೊಂಡೇ ಕಾಲೇಜಿಗೆ ಬಂದೆ. ಗೇಟಿನ ಹತ್ತಿರ ನಿಂತಿದ್ದ ಸವಿತಾ ನನ್ನನ್ನು ಕಂಡವಳೇ ಹೌಹಾರಿದಳು. "ಸರ್, ಗಾಡಿ ಎಲ್ಲೈತ್ರಿ?" ಎಂದಳು. "ಗ್ಯಾರೇಜಿನ್ಯಾಗ" ಎಂದೆ. "ಅಯ್ಯ ಶಿವನ!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನನ್ನ ಸ್ಕೂಟರಿನ ಮೇಲೆ ಈ ಹುಡುಗಿಗೆ ಇಷ್ಟು ಮಮತೆ ಇದೆಯೇ ಎಂದುಕೊಂಡೆ. ಅವಳು ಒಳಗೆ ಓಡಿದಳು. ನಾನು ವರಾಂಡ ಹತ್ತುವಷ್ಟರಲ್ಲಿ ಏಳೆಂಟು ಮಂದಿ ವಿದ್ಯಾರ್ಥಿಗಳು ನನ್ನನ್ನು ಸುತ್ತುವರಿದರು. "ಸರ್, ನರಗುಂದ ಗುಡ್ಡದ ಮ್ಯಾಲಿನ ಕೋಟೆಗೆ ನೀರು ಎಲ್ಲಿಂದ ಸಿಗತಿತ್ರಿ?" ಎಂದು ಒಬ್ಬ ಕೇಳಿದ. ನನ್ನ ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂಬುದನ್ನು ಬಿಟ್ಟು ಬೇರೆ ಪ್ರಶ್ನೆ ಕೇಳಿದ ಮೊದಲ ವಿದ್ಯಾರ್ಥಿ ಅವನು. ನಾನು ಅಲ್ಲೇ ನಿಂತು ಶುರು ಮಾಡಿದೆ. ಬಂಡೆಗಳಲ್ಲಿ ಕೊರೆದ ನೀರಿನ ಹೊಂಡಗಳು, ಮಳೆಯ ನೀರು ಹಿಡಿಯುವ ಬಗೆ, ಮುತ್ತಿಗೆ ಬಿದ್ದಾಗ ಒಳಗಿದ್ದವರ ಪಾಡು. ಒಬ್ಬ ಮುಗಿಸಿದರೆ ಇನ್ನೊಬ್ಬ: "ಹಂಗಾರ ಗಜೇಂದ್ರಗಡದ ಕೋಟೆಗೆ ಹ್ಯಾಂಗ್ರಿ ಸರ್?" ನನ್ನ ಊರಿನ ಕೋಟೆ! ನಾನು ಕೈ ಬೀಸಿ ಗೋಡೆಯ ಎತ್ತರ ತೋರಿಸುತ್ತಿದ್ದೆ. ಅಷ್ಟರಲ್ಲಿ ಗೇಟಿನ ಹೊರಗೆ ಬಸ್ಸು ನಿಂತ ಸಪ್ಪಳವಾಯಿತು. ಕಣ್ಣು ಮಿಟುಕಿಸುವುದರೊಳಗೆ ನನ್ನ ಸುತ್ತ ಒಬ್ಬರೂ ಇರಲಿಲ್ಲ. ಎತ್ತಿದ ಕೈ ಎತ್ತಿದ ಹಾಗೆಯೇ ನಾನೊಬ್ಬನೇ ಕೋಟೆ ಕಾಯುತ್ತಿದ್ದೆ.

ಕೈ ಇಳಿಸಿ ಅಂಗಳದ ಕಡೆ ನೋಡಿದೆ. ಬಸ್ಸಿನಿಂದ ಇಳಿದ ಶಾಹೀನ ಓಢಣಿಯನ್ನು ಸೊಂಟಕ್ಕೆ ಬಿಗಿದುಕೊಂಡು ಓಡಿ ಬರುತ್ತಿದ್ದಳು. ಆ ಕಡೆ ಬೇವಿನ ಕೆಳಗೆ ನಮ್ಮ ಕ್ಲಾಸಿನ ಇಬ್ಬರು ಹುಡುಗರು ಕಲ್ಲು ಬದಿಗಿಟ್ಟು ಟವೆಲ್ಲುಗಳನ್ನು ಜಾಡಿಸಿ ಮಡಚಿಕೊಳ್ಳುತ್ತಿದ್ದರು. ಅವಳು ಅವರನ್ನು ನೋಡಲೂ ಇಲ್ಲ, ನೇರವಾಗಿ ಕ್ಲಾಸಿಗೆ ಹೋಗಿ ಕೂತಳು. ನನಗೆ ಕಾಲ ಕೆಳಗಿನ ಎರೆಮಣ್ಣೇ ಬಾಯಿ ಬಿಟ್ಟಂತಾಯಿತು. ಅಂದರೆ ಈ ಕಾಲೇಜಿನಲ್ಲಿ ಪಾರ್ಕಿಂಗ್ ಸಮಸ್ಯೆ ಎಂಬುದೇ ಇರಲಿಲ್ಲ. ನನಗೊಬ್ಬನಿಗೆ ಮಾತ್ರ ಅದನ್ನು ದಿನವೂ ಹೊಸದಾಗಿ ಮಾಡಿ ಬಡಿಸುತ್ತಿದ್ದರು.

ಪಾಠ ಮುಗಿದ ಮೇಲೆ ಸವಿತಾಳನ್ನು ನಿಲ್ಲಿಸಿದೆ. ಅವಳು ತಪ್ಪಿಸಿಕೊಳ್ಳಲು ನೋಡಲಿಲ್ಲ. "ಹೌದ್ರಿ ಸರ್, ನಾವ ಹಾಕೀವಿ. ನೀವು ಒಳಗ ಬಂದ್ರ ಹಾಜರಿ ಮುಚ್ಚತೈತಿ. ನೀವ ಹೊರಗ ಇದ್ರ ಅಕಿಗೆ ಹಾಜರಿ ಸಿಗತೈತಿ. ಅಷ್ಟ" ಎಂದಳು. ನನಗೆ ಸಿಟ್ಟು ಬಂತು, ನಗೆಯೂ ಬಂತು, ಯಾವುದನ್ನು ಮೊದಲು ತೋರಿಸುವುದೆಂದು ತಿಳಿಯದೆ, "ಅಕಿಗೆ ಇದು ಗೊತ್ತೈತೇನು?" ಎಂದೆ. "ಗೊತ್ತಾದ್ರ ನಮ್ಮನ್ನ ಬಿಟ್ಟಾಳೇನ್ರಿ? ಭಾಳ ಸ್ವಾಭಿಮಾನದಾಕಿ. ನಂದೊಂದರ ಸಂಬಂಧ ಸರ್‌ನ ಬಿಸಲಾಗ ತಿರುಗಿಸ್ತೀರೇನು ಅಂತ ಜಗಳಾ ಮಾಡಿ ಕಾಲೇಜ ಬಿಡತಾಳ. ನೀವೂ ಹೇಳಬ್ಯಾಡ್ರಿ" ಎಂದಳು. "ಅಲ್ಲವಾ, ನೀವು ಬಂದು ನನಗ ಬಾಯಿಬಿಟ್ಟು ಕೇಳಬೇಕಿಲ್ಲೋ? ಏನಾರ ಮಾಡತಿದ್ದೆ" ಎಂದೆ. ಅವಳು, "ಕೇಳೋಣು ಅಂದಿದ್ವಿರಿ ಸರ್. ಆದ್ರ ನೀವು ಹೂಂ ಅನ್ನೋದರಾಗ ಒಂದು ತಾಸು ಮಾತಾಡ್ತೀರಿ. ಟವೆಲ್ ಹಾಕೂದು ಲಗೂ ಆಕ್ಕೈತಿ" ಎಂದಳು. ನಾನು ಇದಕ್ಕೆ ತಕ್ಕ ಉತ್ತರ ಕೊಡಲು ಬಾಯಿ ತೆರೆದೆ. ಅವಳು ಗಡಿಯಾರ ನೋಡಿಕೊಂಡಳು. ಬಾಯಿ ಮುಚ್ಚಿದೆ.

ನನ್ನ ಭಾಷಣದಿಂದ ಸುಧಾರಿಸಿದವರು ಯಾರೂ ಇರಲಿಲ್ಲ. ಆ ವಾರದ ಸಂತೆಯ ದಿನ ಶಾಹೀನಳ ಅಪ್ಪ ನನ್ನನ್ನು ಹುಡುಕಿಕೊಂಡು ಬಂದ. ಅಬ್ಬಿಗೇರಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಮೊಪೆಡ್ಡಿನ ಹಿಂದೆ ಗಾದಿ, ಮುಂದೆ ದಿಂಬು, ನಡುವೆ ಹ್ಯಾಂಡಲ್ಲು ಹಿಡಿದ ಎರಡು ಕೈ ಮಾತ್ರ ಕಾಣುತ್ತಿದ್ದವು. ಇಳಿದು ಬಂದು ಮೈಮೇಲಿನ ಹತ್ತಿಯ ಎಳೆ ಝಾಡಿಸಿಕೊಂಡು, "ಸರ, ನನ್ನ ಮಗಳು ಪರೀಕ್ಷಾ ಬರೀತಾಳಲ್ರೀ?" ಎಂದ. "ಯಾಕ ಬರೆಯೂದಿಲ್ಲ?" ಎಂದೆ. "ಮೊದಲಿಗೆ ಹಾಜರಿ ಭಾಳ ತಪ್ಪಿತ್ತಂತಲ್ರಿ. ಮನ್ಯಾಗ ನಮ್ಮ ಅಮ್ಮಿ, ಅಂದ್ರ ಶಾಹೀನನ ಅಜ್ಜಿ, ದಿನಾ ಅಂತಾಳ್ರಿ, ಬಸ್ಸಿನ ಬಾಗಲಕ್ಕ ಜೋತಾಡಿಸೂ ಸಾಲಿ ಎಂಥಾದ್ದು, ಬಿಡಸು ಅಂತ. ಪರೀಕ್ಷಾಕ್ಕ ಕುಂತ್ಳು ಅಂದ್ರ ನಾ ಆಕಿ ಮಾತು ತಳ್ಳಿ ಹಾಕ್ತೀನ್ರಿ. ಕುಂದರಸಲಿಲ್ಲ ಅಂದ್ರ ನನ್ನ ಬಾಯಿನೂ ಕಟ್ಟತೈತ್ರಿ" ಎಂದ. ಇನ್ನು ಒಂದು ದಿನವೂ ತಪ್ಪಿಸದಿದ್ದರೆ ಅವಳ ಹಾಜರಿ ಸಾಕಾಗುತ್ತದೆ ಎಂದು ಹೇಳಿದೆ. "ಅಕಿ ತಪ್ಪಸೂದಿಲ್ರಿ, ಬಸ್ಸು ತಪ್ಪಸತೈತಿ" ಎಂದು ಅವನು ಮತ್ತೆ ದಿಂಬುಗಳ ನಡುವೆ ಮರೆಯಾದ. ನನಗೆ ಸಂಕಟವಾಯಿತು. ಅಷ್ಟು ಮೆತ್ತನೆಯ ಸಾಮಾನು ಹೊತ್ತು ತಿರುಗುವವನ ಮುಖದಲ್ಲಿ ಅಷ್ಟು ಆತಂಕ ನೋಡಲಾಗಲಿಲ್ಲ.

ಮರುದಿನದಿಂದ ನಾನು ಎಲ್ಲ ತಿಳಿದೂ ತಿಳಿಯದವನಾಗಿ ಸುತ್ತತೊಡಗಿದೆ. ಬಾರದವಳನ್ನು ಬಂದಳೆಂದು ಹಾಕಲು ನನ್ನಿಂದಾಗದು, ಅದು ಸುಳ್ಳು. ನಾನೇ ತಡವಾಗಿ ಹೋಗುವುದು ಸುಳ್ಳಲ್ಲ, ಬರೀ ಕೆಟ್ಟ ಚಟ. ಸರಕಾರಿ ನೌಕರಿಯಲ್ಲಿ ಚಟಕ್ಕೆ ಕ್ಷಮೆ ಇದೆ. ಬಿಸಿಲಲ್ಲಿ ಸುತ್ತುವಾಗ ಒಂದೆರಡು ಸಲ ಟವೆಲ್ಲಿನ ಮೇಲಿಂದ ಜಾರಿದ ಕಲ್ಲನ್ನು ನಾನೇ ಸರಿಮಾಡಿ ಇಟ್ಟದ್ದೂ ಉಂಟು. ಸವಿತಾ ದೂರದಿಂದ ನೋಡಿ ಓಢಣಿಯಲ್ಲಿ ಬಾಯಿ ಮುಚ್ಚಿಕೊಂಡಳು.

ಎಲ್ಲ ಸುರಳೀತವಾಗಿ ನಡೆದಿರುವಾಗ, ಯಾರೂ ನಿರೀಕ್ಷಿಸದ ಒಂದು ದುರಂತವಾಯಿತು. ಪ್ರಿನ್ಸಿಪಾಲರು ಕೊಟ್ಟ ಮಾತು ನಡೆಸಿಬಿಟ್ಟರು. ಸೋಮವಾರ ಬಂದು ನೋಡಿದರೆ ಬೇವಿನ ಸಾಲಿನ ಮೊದಲ ಮರದ ಕೆಳಗೆ ಹೊಸ ಬೋರ್ಡು: 'ಇತಿಹಾಸ ವಿಭಾಗಕ್ಕೆ ಮೀಸಲು'. ಸುತ್ತ ಸುಣ್ಣದ ಗೆರೆ. ಉಳಿದ ಮರಗಳನ್ನೂ ಹೀಗೇ ಬೇರೆ ಬೇರೆ ವಿಭಾಗಗಳಿಗೆ ಹಂಚಿಬಿಟ್ಟಿದ್ದರು. "ಇನ್ನ ಮ್ಯಾಲೆ ಟವೆಲ್ ಗಿವೆಲ್ ಕಂಡ್ರ ಸುಟ್ಟ ಹಾಕಸ್ತೀನಿ ಅಂತ ನೋಟೀಸ್ ಹಾಕೇನಿ. ಈಗ ಖುಷಿ ಆತಲ್ರಿ?" ಎಂದು ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿದರು. ಹುಡುಗರು ಹೆದರಿ ಟವೆಲ್ಲು ತರುವುದನ್ನು ಬಿಟ್ಟರು. ಪುಣ್ಯಕ್ಕೆ ಅವತ್ತು ಬಸ್ಸು ಹೇಗೋ ಹೊತ್ತಿಗೆ ಸರಿಯಾಗಿ ಬಂದಿತ್ತು. ಆದರೆ ನಾಳೆ? ನಾಳೆ ಹತ್ತಕ್ಕೆ ನಾನು ಬರಬೇಕು, ನನ್ನ ನೆರಳು ನನಗಾಗಿ ಕಾದಿರುತ್ತದೆ, ಪ್ರಿನ್ಸಿಪಾಲರು ಪೋರ್ಟಿಕೋದಲ್ಲಿ ನಿಂತು ಸಂತೋಷದಿಂದ ನೋಡುತ್ತಿರುತ್ತಾರೆ. ನಾನು ಒಳಗೆ ಹೋಗಲೇಬೇಕು. ಬೇಡಿ ಬೇಡಿ ಪಡೆದ ವರಕ್ಕೆ ಅಷ್ಟು ಹೆದರಿದ್ದು ನಾನು ಅದೇ ಮೊದಲು.

ಮಂಗಳವಾರ ಬೆಳಿಗ್ಗೆ ಹಗ್ಗದ ಮೇಲಿನ ನನ್ನ ಟವೆಲ್ಲನ್ನು ಎಳೆದುಕೊಂಡು ಚೀಲಕ್ಕೆ ಹಾಕಿದೆ. "ಕಾಲೇಜಿಗೆ ಟವೆಲ್ ಯಾಕ್ರಿ, ಜಳಕಾ ಅಲ್ಲೇ ಮಾಡವರೇನು?" ಎಂದಳು ಮನೆಯವಳು. ಹೇಳುತ್ತ ಕೂರಲು ಹೊತ್ತಿರಲಿಲ್ಲ. ಯಾರೂ ಬಾರದ ಹೊತ್ತಿನಲ್ಲಿ ಕಾಲೇಜು ಸೇರಿ, ನನ್ನ ಬೋರ್ಡಿನ ಕೆಳಗೆ, ನನ್ನ ಸುಣ್ಣದ ಗೆರೆಯ ನಡುವೆ, ನನ್ನ ಟವೆಲ್ಲು ಹಾಸಿ ಕಲ್ಲಿಟ್ಟೆ. ಹೊರಗೆ ಹೋಗಿ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು, ಹತ್ತಕ್ಕೆ ಸರಿಯಾಗಿ ಮುಗ್ಧನಂತೆ ಗೇಟು ಹೊಕ್ಕೆ. ಪ್ರಿನ್ಸಿಪಾಲರು ಕಾರಿನಿಂದ ಇಳಿಯುತ್ತಿದ್ದರು. "ಯಾಕ್ರೀ, ಅಲ್ಲೇ ನಿಂತ್ರಿ? ಹೋಗಿ ಹಚ್ರಿ ಗಾಡಿ" ಎಂದರು. "ಟವೆಲ್ ಹಾಕ್ಯಾರ್ರಿ ಸರ್" ಎಂದೆ. "ನಾ ನೋಟೀಸ್ ಕೊಟ್ಟ ಮ್ಯಾಲೂ! ಎಂಥಾ ಉದ್ಧಟರದಾರ್ರಿ!" ಎಂದು ಅವರು ದಾಪುಗಾಲು ಹಾಕಿ ಬಂದರು. ಅವರು ಟವೆಲ್ಲಿನ ಮುಂದೆ ನಿಂತರು. ಬಗ್ಗಿದರು. ಕಲ್ಲಿನ ಹತ್ತಿರ ಕೈ ಒಯ್ದರು. ಆ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂದು ಕನ್ನಡಕ ಸರಿಮಾಡಿಕೊಂಡಿತು. "ಯಾರೋ ಬರೂವ್ರು ಇರಬೇಕ್ರಿ. ಬರ್ತಾರ ತಗೋರಿ, ಸ್ವಲ್ಪ ತಡೀರಿ" ಎಂದು ಅವರು ಬಂದ ದಾರಿಯಲ್ಲೇ ಹೊರಟು ಹೋದರು. ಎಷ್ಟಾದರೂ ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಬೆಳೆದ ಜೀವ.

ಅಲ್ಲಿಂದ ಮುಂದೆ ಸೆಮಿಸ್ಟರು ಮುಗಿಯುವವರೆಗೆ ನನ್ನ ಜಾಗವನ್ನು ನನಗೇ ಸಿಗದಂತೆ ನಾನೇ ಕಾಯ್ದೆ. ಬಸ್ಸು ಬರುವವರೆಗೂ ಬಿಸಿಲಲ್ಲಿ ಸುತ್ತಿದೆ. ಶಾಹೀನ ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ವಾರ ಹಾಲ್ ಟಿಕೆಟ್ ಕೊಟ್ಟ ದಿನ ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು, ಹಿಂದೆ ಸವಿತಾ. "ಬಂತ್ರಿ ಸರ್! ಅಪ್ಪಗ ಫೋನ್ ಮಾಡಿ ಹೇಳೀನಿ. ನಮ್ಮ ಅಜ್ಜಿಗೆ ತೋರಸಾಕ ಫೋಟೋ ಕಳಿಸು ಅಂದ್ರು" ಎಂದಳು. ಆ ಮುಖ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಎಂದೂ ಇಲ್ಲದ ಹಾಗೆ, "ಚಲೋ ಆತವಾ" ಎಂಬ ಎರಡೇ ಮಾತು ಆಡಿದೆ. ಅವಳು ಹೊರಡಲಿಲ್ಲ. ಕಾಲಿನಿಂದ ನೆಲ ಕೆರೆಯುತ್ತ ನಿಂತು, "ಸರ್, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದಳು.

"ಹೇಳವಾ."

"ನಾ ಅಬ್ಬಿಗೇರಿಯಿಂದ ಬಸ್ಸಿಗೆ ಜೋತಾಡ್ಕೋತ ಬಂದ್ರೂ ನಿಮಗಿಂತ ಮೊದಲ ಕ್ಲಾಸಿನ್ಯಾಗ ಇರ್ತಿದ್ದೆರಿ. ನೀವು ರೋಣದಾಗ ಇದ್ದು, ಸ್ವಂತ ಗಾಡಿ ಇದ್ದು, ಬೋರ್ಡ್ ಹಾಕಿದ ಜಾಗಾ ಇದ್ದೂ ದಿನಾ ತಡಾ ಮಾಡಿದ್ರಿ. ಮುಂದಿನ ವರ್ಷದ ಹುಡುಗೂರಿಗೆ ಆದ್ರೂ ಸ್ವಲ್ಪ ಲಗೂ ಬರ್ರಿ ಸರ್. ನಿಮ್ಮ ಪಾಠ ಚಲೋ ಇರತೈತಿ, ಅದಕ್ಕ ಹೇಳೀನಿ."

ಸವಿತಾ ಗೋಡೆಯ ಮೇಲಿನ ಭೂಪಟದಲ್ಲಿ ಯಾವುದೋ ಊರನ್ನು ಬಹಳ ಶ್ರದ್ಧೆಯಿಂದ ಹುಡುಕುತ್ತಿದ್ದಳು. ಅವಳ ಭುಜಗಳು ಮಾತ್ರ ಕುಲುಕುತ್ತಿದ್ದವು. ನಾನು ಎದ್ದು ನಿಂತು, "ತಪ್ಪಾತವಾ, ಇನ್ನ ಮ್ಯಾಲೆ ಸುಧಾರಿಸ್ಕೋತೀನಿ" ಎಂದೆ.